ನೀರಿಗೆ ಚೆಲ್ಲಿದ ಚರಗ

ಎಳ್ಳಮವಾಸ್ಯೆಯ ಬೆಳಿಗ್ಗೆ ಸಜ್ಜೆರೊಟ್ಟಿಗೆ ಎಳ್ಳು ಒತ್ತುತ್ತಿದ್ದೆ. ನಮ್ಮವರು ಒಳಗೆ ಬಂದು ಬುತ್ತಿ ನೋಡಿ ನಕ್ಕರು.

"ಹೊಲ ಹಿನ್ನೀರಾಗ ಮುಳುಗಿ ಎಷ್ಟ ವರ್ಷಾತು! ಮೀನಿಗೆ ಹಬ್ಬದೂಟ ಬಡಸಾಕ ಹೊಂಟೀಯೇನ? ಚರಗ ಚೆಲ್ಲೂದು ಇದ ಕಡೀ ಸಲ ನೋಡ."

"ಆತ್ರಿ," ಎಂದು ಒಬ್ಬಳೇ ಹೊರಟೆ.

ಬೀಳಗಿಯಾಚೆ, ಮುಳುಗಿದ ನಮ್ಮೂರ ಹಳೆಯ ರಸ್ತೆ ನೀರಿಗೆ ಇಳಿಯುವಲ್ಲಿ ನಿಂತೆ. ಮೊದಲೆಲ್ಲ ಮಾವ ಕೂಗುತ್ತ ಬೆಳೆಯ ಮೇಲೆ ಚರಗದ ಅನ್ನ, ಕಡಬು ಚೆಲ್ಲಿದರೆ, ಹಿಂದೆ ಅತ್ತೆ, ನೆಗೆಣ್ಣಿಯರು, ನಾನು ಓಗೊಡುತ್ತಿದ್ದೆವು. ಮಾವ, ಅತ್ತೆ ತೀರಿಕೊಂಡರು. ನೆಗೆಣ್ಣಿಯರು ಒಂದೊಂದು ಊರು ಸೇರಿದರು. ಓಗೊಡುವವರಿಲ್ಲದೆ ಕೂಗಲು ನಾಚಿಕೆಯಾಯಿತು.

ಆ ಚಳಿಯಲ್ಲೂ ಪಾದಕ್ಕೆ ತಾಗಿದ ನೀರು ಬೆಚ್ಚಗಿತ್ತು. ಸುತ್ತ ಬರೀ ಕಬ್ಬು, ಆದರೆ ಗಾಳಿಯಲ್ಲಿ ಜೋಳದ ಹಸಿ ತೆನೆಯ ವಾಸನೆಯಿತ್ತು. ಮೆಲ್ಲಗೆ ಕೂಗಿ ಒಂದು ಹಿಡಿ ಅನ್ನ ಎಸೆದೆ. ಅದು ಜೋಳದ ಎಲೆಗಳ ಮೇಲೆ ಬಿದ್ದಂತೆ ಸರಸರ ಸದ್ದಾಯಿತು. ಆಮೇಲೆ ನೀರಿನ ನಡುವಿನಿಂದ ಹೆಂಗಸರ ದನಿಗಳು ಓಗೊಟ್ಟವು. ದೋಣಿ ಇರಲಿಲ್ಲ, ಯಾರೂ ಕಾಣಲಿಲ್ಲ.

ಬುತ್ತಿ ಬರಿದಾಗುವವರೆಗೂ ಕೂಗಿದೆ. ಪ್ರತಿ ಸಲವೂ ಓಗೊಟ್ಟರು. ಆ ದನಿಗಳಲ್ಲಿ ಒಂದು ನನ್ನದೇ ಆಗಿತ್ತು, ಮದುವೆಯಾಗಿ ಬಂದ ವರ್ಷದ ತೆಳ್ಳನೆಯ ದನಿ.

ಮುಂದಿನ ಎಳ್ಳಮವಾಸ್ಯೆಗೂ ಬುತ್ತಿ ಕಟ್ಟುವುದೆಂದು ದಾರಿಯಲ್ಲೇ ನಿಶ್ಚಯಿಸಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.