ಆಮೆಯಜ್ಜ ತಿರುಗಿಸಿದ ಬೋರ್ಡು

ಮೇ ಹದಿನಾಲ್ಕು, ಮಂಗಳವಾರ, ಸಂಜೆ ನಾಲ್ಕು ಹತ್ತು. ಹಣೆಗೆ ಬ್ಯಾಂಡೇಜು ಸುತ್ತಿಕೊಂಡ ಕನ್ನಡಕದಂಗಡಿಯವನೊಬ್ಬ ಠಾಣೆಗೆ ಬಂದು ದೂರು ಕೊಟ್ಟ. ಹೆಂಡತಿ, ಮಗಳು, ವಯಸ್ಸಾದ ತಾಯಿಯನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಬೇಸಿಗೆ ಪ್ರವಾಸಕ್ಕೆ ಹೊರಟು ಒಂಬತ್ತು ದಿನವಾಗಿತ್ತು. ಎರಡಾಳೆತ್ತರದ ಚಹಾ ಕೆಟಲು, ತಲೆಕೆಳಗಾಗಿ ಕಟ್ಟಿದ ಮನೆ, ಎರಡು ರಾಷ್ಟ್ರೀಯ ಉದ್ಯಾನ ಎಲ್ಲ ನೋಡಿ ಮೂರನೆಯ ಉದ್ಯಾನದತ್ತ ಹೋಗುತ್ತಿದ್ದರು. ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಹಳೆಯ ರಸ್ತೆಯಲ್ಲಿ ಅಗೆದುಬಿಟ್ಟಿದ್ದ ಮೋರಿಗೆ ವ್ಯಾನು ಬಿತ್ತು. ಮೂವರಿಗೆ ತರಚು ಗಾಯ. ತಾಯಿ ಆಪರೇಷನ್ ಕೋಣೆಯಲ್ಲಿದ್ದರು.

"ಆ ರಸ್ತೆಗೆ ಯಾಕೆ ಹೋದ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಬೋರ್ಡು ಇತ್ತು ಸಾರ್. ಉದ್ಯಾನ ಬಲಕ್ಕೆ ಅಂತ."

"ಎಡಕ್ಕೆ ಅಂತಲ್ವಾ ಇರೋದು?"

"ಬಲಕ್ಕೇ ಇತ್ತು. ನನ್ನ ಹೆಂಡ್ತಿ ಮ್ಯಾಪು ನೋಡಿ ಎಡಕ್ಕೆ ಅಂದ್ಲು, ನಾನೇ ಕೇಳಲಿಲ್ಲ. ಈಗ ನನ್ನ ಜೊತೆ ಮಾತೇ ಆಡ್ತಿಲ್ಲ."

"ದಾರೀಲಿ ಯಾರನ್ನೂ ಕೇಳಲಿಲ್ವಾ?"

"ಕೇಳ್ದೆ. ಅಲ್ಲೊಂದು ದೊಡ್ಡ ಸಿಮೆಂಟಿನ ಆಮೆ ಇದೆಯಲ್ಲ, ಅಮ್ಮ ನೋಡಲೇಬೇಕು ಅಂದ್ರು, ನಿಲ್ಲಿಸಿದ್ವಿ. ಅಲ್ಲಿನ ಯಜಮಾನ್ರು ಮುಂದೆ ಹೋಗಿ, ಉದ್ಯಾನದ ಗೇಟು ಸೇರುತ್ತೆ ಅಂದ್ರು."

ಅವನು ಹೊರಗೆ ಹೋದ ಮೇಲೆ ದಫೇದಾರ ಕಿಸಕ್ಕನೆ ನಕ್ಕ. "ಊರಿಗೆಲ್ಲ ಕನ್ನಡಕ ಕೊಡೋನಿಗೆ ಬೋರ್ಡೇ ಕಾಣಲಿಲ್ವಂತೆ!"

ಇನ್‌ಸ್ಪೆಕ್ಟರ್ ನಗಲಿಲ್ಲ. ಬೋರ್ಡು ಸರಿಯಾಗಿದ್ದರೆ ಅಜಾಗರೂಕ ಚಾಲನೆಯ ಎಫ್‌ಐಆರ್ ಈ ಮನುಷ್ಯನ ಮೇಲೇ ಆಗಬೇಕು. ಅದನ್ನಾದರೂ ಕೋರ್ಟಿನಲ್ಲಿ ಎದುರಿಸಬಹುದು. ಹೆತ್ತ ತಾಯಿಯನ್ನು ತಾನೇ ಹಳ್ಳಕ್ಕೆ ತಳ್ಳಿದೆ ಎಂಬ ಸಂಕಟದಿಂದ ಯಾವ ವಕೀಲ ಬಿಡಿಸಿಯಾನು?

ಬುಧವಾರ ಬೆಳಿಗ್ಗೆ ಏಳೂವರೆಗೆ ಕವಲುದಾರಿಗೆ ಹೋದರು. ಬಾಣದ ಆಕಾರದ ಬೋರ್ಡು ಸದ್ಗೃಹಸ್ಥನ ಹಾಗೆ ಎಡಕ್ಕೇ ಮುಖ ಮಾಡಿ ನಿಂತಿತ್ತು. "ನೋಡಿದ್ರಾ ಸಾರ್?" ಎಂದ ದಫೇದಾರ.

ಇನ್‌ಸ್ಪೆಕ್ಟರ್ ಜೀಪಿನ ಬಾನೆಟ್ ಹತ್ತಿ ನೋಡಿದರು. ಕಂಬವೆಲ್ಲ ತುಕ್ಕು, ಬೋರ್ಡು ಬಿಗಿದ ನಟ್ಟು ಮಾತ್ರ ಫಳಫಳ. ಎಣ್ಣೆ ಹಚ್ಚಿತ್ತು. ಬೋರ್ಡಿನ ಹಿಂದೆ ಹಸಿರು ಬಣ್ಣದ ಹೆಬ್ಬೆರಳ ಗುರುತು. ತಿರುವಿನಾಚೆಗಿದ್ದ ಪಂಕ್ಚರ್ ಅಂಗಡಿಯವನನ್ನೂ ಹಣ್ಣು ಮಾರುವವಳನ್ನೂ ಪಂಚರನ್ನಾಗಿ ಕರೆದು ಪಂಚನಾಮೆ ಬರೆಸಿದರು. ಸಹಿ ಹಾಕುತ್ತ ಪಂಕ್ಚರ್‌ನವನು ಮತ್ತೆ ಆ ನಟ್ಟನ್ನೇ ನೋಡಿದ.

"ಏನಪ್ಪಾ?"

"ಆಮೆಯಜ್ಜ ನನ್ನ ಹತ್ರ ಸ್ಪ್ಯಾನರ್ ಇಸ್ಕೊಂಡು ಹೋಗ್ತಾನೆ ಸಾರ್. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಆಮೆ ರಿಪೇರಿಗೆ ಅಂತಾನೆ." ತಲೆ ಕೆರೆದುಕೊಂಡ. "ಸಿಮೆಂಟಿನ ಆಮೆಗೆ ಎಲ್ಲಿ ನಟ್ಟು ಅಂತ ನಾನೂ ಕೇಳಲಿಲ್ಲ ನೋಡಿ."

ಹಳೆಯ ರಸ್ತೆಯಲ್ಲಿ ಆರು ಕಿಲೋಮೀಟರ್ ದೂರ ಆಮೆ. ಅರ್ಧ ಮೈಗೆ ಹೊಸ ಹಸಿರು, ಉಳಿದರ್ಧ ಬಿಸಿಲಿಗೆ ಬಿಳಿಚಿತ್ತು. ಜೀಪು ನಿಲ್ಲುವಾಗ ಒಂಬತ್ತು ಇಪ್ಪತ್ತು. ಇಳಿಯುವ ಮೊದಲೇ ಆಸ್ಪತ್ರೆಯಿಂದ ಫೋನು ಬಂತು. ಮಾತು ಕೇಳಿ ಇನ್‌ಸ್ಪೆಕ್ಟರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ದಫೇದಾರನ ಕೀಟಲೆ ಅಲ್ಲಿಗೆ ನಿಂತಿತು.

ಆಮೆಯಜ್ಜ ಅವರನ್ನು ನೋಡಿದವನೇ ಕೈಯನ್ನು ಅಂಗಿಗೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಹೆಬ್ಬೆರಳ ಹಸಿರು ಹೋಗಲಿಲ್ಲ.

"ನಿನ್ನೆ ಬೋರ್ಡು ಯಾರು ತಿರುಗಿಸಿದ್ದು?"

"ನಂಗೇನು ಗೊತ್ತು ಸಾರ್."

"ನಿನ್ನೆ ಬಂದೋರು ಬೋರ್ಡಿನ ವಿಷಯ ಏನಾದ್ರೂ ಅಂದ್ರಾ?"

ಅಜ್ಜ ಪಕ್ಕದ ಗುಡಿಸಲೊಳಗೆ ಹೋಗಿ, ನೋಡಲು ಬಂದವರು ಅಭಿಪ್ರಾಯ ಬರೆಯುವ ಪುಸ್ತಕ ತಂದುಕೊಟ್ಟ. ಕೊನೆಯ ಬರಹ ಮುದಿ ಕೈಯ ದುಂಡು ಅಕ್ಷರ, ಪುಟದ ತುಂಬ.

"ದಾರಿ ತಪ್ಪಿತೆಂದು ಸೊಸೆ ಮುಖ ಊದಿಸಿಕೊಂಡಿದ್ದಾಳೆ. ಮಗನ ತಪ್ಪಲ್ಲ. ಬೋರ್ಡು ಬಲಕ್ಕೇ ಇತ್ತು, ನಾನೂ ಕಣ್ಣಾರೆ ನೋಡಿದೆ. ತಪ್ಪಿದ್ದು ಒಳ್ಳೆಯದೇ ಆಯಿತು. ಈ ಒಂಬತ್ತು ದಿನದಲ್ಲಿ ಈ ಆಮೆಯ ನೆರಳಿನಷ್ಟು ತಂಪು ಎಲ್ಲೂ ಸಿಗಲಿಲ್ಲ. ಇದನ್ನು ಮಾಡಿದ ಕೈ ತಣ್ಣಗಿರಲಿ. ಬರುವ ವರ್ಷವೂ ಬರುತ್ತೇವೆ."

ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. "ಈ ಹಾಳೆ ಹರಿದು ಹಾಕಿದ್ರೆ ಆ ಅಮ್ಮನ ಮಗನ ಮಾತು ಯಾರೂ ನಂಬ್ತಿರಲಿಲ್ಲ. ಗೊತ್ತಾ?"

"ಗೊತ್ತು ಸಾರ್. ರಾತ್ರಿಯೆಲ್ಲ ಕೈಯಲ್ಲಿ ಹಿಡ್ಕೊಂಡೇ ಕೂತಿದ್ದೆ. ಹರಿಯೋಕೆ ಆಗ್ಲಿಲ್ಲ. ಇಷ್ಟುದ್ದ ಯಾರೂ ಬರೆದಿರಲಿಲ್ಲ."

ಆಮೇಲೆ ಎಲ್ಲ ಹೇಳಿದ. ಆಮೆಯನ್ನು ಅವನೂ ಅವನ ಹೆಂಡತಿಯೂ ನಾಲ್ಕು ಬೇಸಿಗೆ ಮೈಮುರಿದು ಕಟ್ಟಿದ್ದರು. ಅವಳು ತೀರಿಹೋದಳು, ಹೊಸ ರಸ್ತೆ ಬಂದ ಮೇಲೆ ಜನರೂ ಹೋದರು. ಹೋದ ಬೇಸಿಗೆ ಪೂರ್ತಿ ಬಂದವರು ಹನ್ನೊಂದು ಮಂದಿ. ಈ ಸಲ ಬೆಳಿಗ್ಗೆ ಬೋರ್ಡು ತಿರುಗಿಸಿ, ಸಂಜೆ ಸರಿ ಮಾಡಿಡುತ್ತಿದ್ದ. ಬಂದವರನ್ನೆಲ್ಲ ಮುಂದಕ್ಕೇ ಕಳಿಸುತ್ತಿದ್ದ, ಆ ರಸ್ತೆ ನಿಜಕ್ಕೂ ಗೇಟು ಸೇರುತ್ತಿತ್ತು. ಸೋಮವಾರ ಸಂಜೆ ಮೋರಿ ಅಗೆದದ್ದು ಅವನಿಗೆ ಗೊತ್ತಿರಲಿಲ್ಲ, ವ್ಯಾನು ಬಿದ್ದ ಸುದ್ದಿ ಬಂದಾಗಲೇ ತಿಳಿದದ್ದು. ಅಡ್ಡಕ್ಕೆ ಡ್ರಮ್ಮು ಇಡದ ಗುತ್ತಿಗೆದಾರನ ಮೇಲೆ ಬೇರೆ ಕೇಸು ಹಾಕಲು ಇನ್‌ಸ್ಪೆಕ್ಟರ್ ಆಗಲೇ ಹೇಳಿದ್ದರು.

"ವಾಪಸ್ ಹೋಗಿ, ಎಡಕ್ಕೆ ತಿರುಗಿ ಅನ್ನಬೇಕಿತ್ತು ಸಾರ್. ಅಂದ್ರೆ ಬೋರ್ಡಿನ ಮಾತು ಬರುತ್ತೆ. ನಾಚಿಕೆ ಆಯ್ತು. ಮುಂದೆ ಹೋಗಿ ಅಂದ್ಬಿಟ್ಟೆ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಆ ಅಮ್ಮ ಹೇಗಿದ್ದಾರೆ?"

ದಫೇದಾರ ನೆಲ ನೋಡಿದ. ಅವರು ಬೆಳಿಗ್ಗೆ ತೀರಿಕೊಂಡರೆಂದು ಇನ್‌ಸ್ಪೆಕ್ಟರ್ ಹೇಳಿದರು. ಅಜ್ಜ ಆಮೆಯ ಕಾಲಿಗೆ ಒರಗಿ ಕುಸಿದು ಕುಳಿತ. ಅವನನ್ನು ಎಬ್ಬಿಸಿ ನೀರು ಕುಡಿಸಿ, ಹತ್ತೂ ಐದಕ್ಕೆ ದಸ್ತಗಿರಿ ಮಾಡಿದರು. ಕೈಗೆ ಕೋಳ ಹಾಕಲಿಲ್ಲ.

ಮಧ್ಯಾಹ್ನ ಕನ್ನಡಕದಂಗಡಿಯವನಿಗೂ ಅವನ ಹೆಂಡತಿಗೂ ಆ ಪುಟ ತೋರಿಸಿದರು. ಹೆಂಡತಿ ಮೊದಲು ಓದಿದಳು. ಓದಿ, ಗಂಡನ ತೋಳು ಹಿಡಿದು ಹೋ ಎಂದು ಅತ್ತಳು. ಅವನು ತಾಯಿಯ ಅಕ್ಷರದ ಮೇಲೆ ಬೆರಳಾಡಿಸುತ್ತ, "ಬರುವ ವರ್ಷವೂ ಅಂತ ಬರೆದಿದ್ದಾರೆ ನೋಡೇ" ಎಂದ.

ಅವರು ಹೋದ ಮೇಲೆ ಇನ್‌ಸ್ಪೆಕ್ಟರ್ ಬೀರುವಿನಿಂದ ಒಂದು ಹಳೆಯ ಅರ್ಜಿ ಹುಡುಕಿ ತೆಗೆದರು. ಹೋದ ವರ್ಷ ಆಮೆಯಜ್ಜ ಮೂರು ಸಲ ಅಲೆದು ಕೊಟ್ಟದ್ದು: ಕವಲಿನಲ್ಲಿ ತನ್ನ ಆಮೆಗೂ ಒಂದು ಚಿಕ್ಕ ಬೋರ್ಡು ಹಾಕಿಸಿಕೊಡಿ ಎಂದು. ಕೆಳಗೆ ಇನ್‌ಸ್ಪೆಕ್ಟರರದೇ ಕೈಬರಹ: 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ.' ಅದನ್ನು ಯಾವ ಕಚೇರಿಗೆ ಕಳಿಸಬೇಕೆಂದು ಆವತ್ತೂ ಗೊತ್ತಿತ್ತು, ಕಳಿಸಿರಲಿಲ್ಲ. ದಫೇದಾರನನ್ನು ಕರೆದು, ಇದನ್ನೂ ಕೇಸಿನ ಕಡತಕ್ಕೆ ಸೇರಿಸು ಎಂದರು.