ನಲವತ್ತೊಂದು ಸೆಕೆಂಡಿನ ಹಸಿರು

ನಮ್ಮ ಠಾಣೆಯ ಜೀಪಿನ ವೇಗ ಎಂಥದ್ದೆಂದರೆ, ಒಮ್ಮೆ ಕಳ್ಳತನದ ಸುದ್ದಿ ಬಂದು ಹೊರಟವರು ಕಳ್ಳನಿಗಿಂತ ಮೊದಲೇ ಆ ಮನೆ ಮುಟ್ಟಿಬಿಟ್ಟೆವು. ಅವನು ಬಂದು ಬೀಗ ಒಡೆಯುವವರೆಗೆ ಚಹಾ ಕುಡಿಯುತ್ತ ಕಾಯಬೇಕಾಯಿತು. ಆ ಜೀಪಿನ ಚಾಲಕ ಅಂಥವನು. ಕಣ್ಣು ಹದ್ದಿನದು, ಕಿವಿ ಬಾವಲಿಯದು, ಬುದ್ಧಿಗೆ ಹೋಲಿಕೆ ಇನ್ನೂ ಸಿಕ್ಕಿಲ್ಲ. ಸಿಗ್ನಲ್ ಪ್ರಕರಣ ಬಯಲಾದದ್ದು ಅವನಿಂದಲೇ ಎಂದು ಇಡೀ ಇಲಾಖೆ ಹೇಳುತ್ತದೆ. ಇನ್ನೂ ಯಾರೂ ಹೇಳಿರದಿದ್ದರೆ ಮುಂದೆ ಹೇಳುತ್ತಾರೆ.

ದೂರು ಬಂದದ್ದು ಮಾರ್ಚ್ ನಾಲ್ಕರ ಬೆಳಿಗ್ಗೆ. ದೂರುದಾರ ಸಿಗ್ನಲ್ ದೀಪಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಶಾಲೆಯ ಮೈದಾನದ ಎದುರಿನ ಸರ್ಕಲ್‌ನಲ್ಲಿ ಜನ ರಸ್ತೆ ದಾಟಲೆಂದು ಹತ್ತುವ ಹಸಿರು ದೀಪ ಆರುವುದೇ ಇಲ್ಲವಂತೆ. ನಿಜವೇ. ಆ ಹಸಿರು ಅರ್ಧ ಗಂಟೆ ಉರಿಯುತ್ತಿತ್ತು. ಕಾದು ನಿಂತ ಸ್ಕೂಟರ್ ಸವಾರರಿಗೆ ಅಲ್ಲೇ ಮೀಸೆ ಮೂಡಿ, ಅಲ್ಲೇ ನರೆಯುತ್ತಿತ್ತು. ವಾಹನಗಳ ಸಾಲು ಪಕ್ಕದ ಊರಿಗೆ ಹೋಗಿ ಅಲ್ಲಿನ ಸಾಲಿಗೆ ಡಿಕ್ಕಿ ಹೊಡೆದಿತ್ತು. ಪಂಚನಾಮೆಯಲ್ಲಿ ಮಾತ್ರ ನಲವತ್ತೊಂದು ಸೆಕೆಂಡು ಎಂದಿದೆ. ಪಂಚನಾಮೆ ಬರೆಯುವವರಿಗೆ ಕಲ್ಪನೆ ಕಡಿಮೆ.

ನಮ್ಮ ಇನ್ಸ್‌ಪೆಕ್ಟರ್ ಸಾಹೇಬರಿಗೆ ಬೆನ್ನ ಹಿಂದೆ 'ಚಡಪಡಿ' ಎಂದು ಹೆಸರು. ಅವರ ಕೋಣೆಯ ಕುರ್ಚಿ ಇರುವುದು ಅವರ ಟೋಪಿ ಕೂರಲಿಕ್ಕೆ. ಅವರು ಕಿಟಕಿಗೂ ಬಾಗಿಲಿಗೂ ನಡೆಯುತ್ತ, ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೇಳಿದರು.

"ಮೊದಲು ಎಷ್ಟಿತ್ತು?"

"ಹದಿನೆಂಟು ಸೆಕೆಂಡು ಸಾರ್."

"ತಾನೇ ಕೆಟ್ಟಿರಬಹುದಲ್ಲ?"

"ಮೂರು ಸಲ ಸರಿ ಮಾಡಿ ಬಂದೆ ಸಾರ್. ಮತ್ತೆ ಹಾಗೇ ಆಗುತ್ತೆ. ಯಾರೋ ಪೆಟ್ಟಿಗೆ ತೆಗೀತಿದ್ದಾರೆ. ಮೇಲಿನವರು ನನ್ನ ಜನ್ಮ ಜಾಲಾಡ್ತಿದ್ದಾರೆ."

ಮುಚ್ಚಳದ ಟಕಟಕ ನಿಂತಿತು. "ಈ ಹಸಿರು ಬದಲಿಸಿದ ಕೈ, ನಾಲ್ಕೂ ಕಡೆಗೆ ಒಟ್ಟಿಗೆ ಹಸಿರು ಹಾಕಬಹುದಾ?"

ಎಂಜಿನಿಯರ್ ಕತ್ತು ಒರೆಸಿಕೊಂಡ. "ಹಳೇ ಪೆಟ್ಟಿಗೆ ಸಾರ್. ಹಾಕಬಹುದು."

ಎಫ್‌ಐಆರ್ ದಾಖಲಾಯಿತು. ಆಮೇಲೆ ಸಾಹೇಬರು ಊಟಕ್ಕೂ ಕೂರಲಿಲ್ಲ, ನಿಂತೇ ಉಂಡರು. ಹೊರಗೆ ಯಾವುದೇ ಗಾಡಿ ಗಕ್ಕನೆ ಬ್ರೇಕ್ ಹಾಕಿದ ಸದ್ದಾದರೆ ತುತ್ತು ಬಿಟ್ಟು ಕಿಟಕಿಗೆ ಓಡುತ್ತಿದ್ದರು.

ಮಧ್ಯಾಹ್ನ ಎರಡಕ್ಕೆ ಸರ್ಕಲ್‌ನಲ್ಲಿ ಪಂಚನಾಮೆ. ಹಾರ್ನುಗಳ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು. ಸಿಗ್ನಲ್ ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಅಂಥ ಕೀಲಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಒಳಗೆ, ಹಸಿರಿನ ಅವಧಿಯನ್ನು ನೆನಪಿಟ್ಟುಕೊಳ್ಳುವ ಚಿಪ್ಪಿನ ಒಂದು ಕಾಲಿಗೆ ಅಕ್ಕಿಕಾಳಿನಷ್ಟು ಪುಟ್ಟ ಕ್ಲಿಪ್ಪು ಕಚ್ಚಿಕೊಂಡಿತ್ತು. ಅದನ್ನು ನಮ್ಮ ಚಾಲಕ ಜೀಪಿನಲ್ಲಿ ಕೂತೇ, ರಸ್ತೆಯ ಆಚೆಯಿಂದಲೇ, ಒಂದೇ ಕಣ್ಣಿನಲ್ಲಿ ಗುರುತಿಸಿದ. ಇನ್ನೊಂದು ಕಣ್ಣು ಸಂಚಾರದ ಮೇಲಿತ್ತು.

ಕ್ಲಿಪ್ಪನ್ನು ಚಿಮುಟದಲ್ಲಿ ಎತ್ತಿದವಳು ನಮ್ಮ ಮಹಿಳಾ ಕಾನ್ಸ್‌ಟೇಬಲ್. ಬಾಯಿ ತೆರೆದರೆ ಚುಚ್ಚುತ್ತಾಳಾದ್ದರಿಂದ ಠಾಣೆಯಲ್ಲಿ ಅವಳು 'ಸೂಜಿ'.

"ಇದು ಹವ್ಯಾಸಕ್ಕೆ ಎಲೆಕ್ಟ್ರಾನಿಕ್ಸ್ ಕೆದಕೋರ ಸಾಮಾನು ಸಾರ್," ಅಂದಳು. "ಬೆಂಕಿಪೆಟ್ಟಿಗೆಯಷ್ಟು ಬೋರ್ಡು. ಒಂದು ಕಡೆ ಲ್ಯಾಪ್‌ಟಾಪು, ಇನ್ನೊಂದು ಕಡೆ ಇಂಥ ಕ್ಲಿಪ್ಪಿನ ವೈರುಗಳು. ಚಿಪ್ಪಿನ ಕಾಲು ಹಿಡಿದ್ರೆ ಅದು ಏನು ಮಾತಾಡ್ತಿದೆ ಅಂತ ಕದ್ದು ಕೇಳುತ್ತೆ. ಬೇಕಾದ್ರೆ ಅದರ ನೆನಪನ್ನೇ ತಿದ್ದುತ್ತೆ."

"ನಿಂಗೆ ಹೇಗೆ ಗೊತ್ತು?"

"ನಮ್ಮನೆಯವರು ಅದನ್ನೇ ಇಟ್ಕೊಂಡು ದಿನಾ ಫ್ರಿಜ್ಜಿನ ಜೊತೆ ಮಾತಾಡ್ತಾರೆ ಸಾರ್. ನನ್ನ ಜೊತೆ ಆಡಲ್ಲ."

"ಯಾವ ಕಂಪನಿದು? ಯಾರು ಕೊಂಡ್ರು ಅಂತ ಕೇಳೋಣ."

"ಯಾವ ಕಂಪನಿದೂ ಅಲ್ಲ. ಓಪನ್ ಸೋರ್ಸ್. ನಕ್ಷೆ, ಪ್ರೋಗ್ರಾಂ ಎಲ್ಲ ಇಂಟರ್ನೆಟ್ಟಲ್ಲಿ ಬಿಟ್ಟಿದ್ದಾರೆ. ಯಾರು ಬೇಕಾದ್ರೂ ಮನೇಲೇ ಮಾಡ್ಕೋಬಹುದು, ತಿದ್ಕೋಬಹುದು."

"ಅಂದ್ರೆ ಊರೆಲ್ಲ ಆರೋಪಿಗಳು!" ಸಾಹೇಬರು ಪೆಟ್ಟಿಗೆಯನ್ನು ಎರಡು ಸುತ್ತು ಸುತ್ತಿದರು.

ಸರ್ಕಲ್‌ನಲ್ಲಿ ಮುಂಜಾನೆ ಪತ್ರಿಕೆ ಮಾರುವವನನ್ನು ಕೇಳಿದ್ದಾಯಿತು.

"ಪೆಟ್ಟಿಗೆ ಹತ್ರ ಯಾರನ್ನಾದ್ರೂ ನೋಡಿದ್ಯಾ?"

"ಸಿಗ್ನಲ್‌ನೋರು ಬರ್ತಾರಲ್ಲ ಸಾರ್, ಕಿತ್ತಳೆ ಜಾಕೆಟ್ಟು."

"ಗಂಡಸೋ ಹೆಂಗಸೋ?"

"ಜಾಕೆಟ್ಟು ಹಾಕಿದ್ಮೇಲೆ ಮುಖ ಯಾರು ನೋಡ್ತಾರೆ ಸಾರ್? ನಿಮ್ಮನ್ನೂ ನಾನು ಹಾಗೇ ನೋಡೋದು."

ಮೂರು ದಿನ ಸಾಹೇಬರು ನಡೆದ ನಡಿಗೆಗೆ ಠಾಣೆಯ ನೆಲ ಮೊಣಕಾಲುದ್ದ ಸವೆಯಿತು. ಎಂಟನೆಯ ತಾರೀಕು ಬೆಳಿಗ್ಗೆ ಸೂಜಿ ಫೋನ್ ಹಿಡಿದು ಬಂದಳು.

"ಸಾರ್, ಈ ಜನಕ್ಕೆ ಒಂದು ಚಟ. ಏನಾದ್ರೂ ಹೊಸದು ಕಂಡುಕೊಂಡ್ರೆ ಹೊಟ್ಟೆಯಲ್ಲಿ ಇಟ್ಕೊಳ್ಳೋಕಾಗಲ್ಲ, ಹಂಚಬೇಕು. ಅದಕ್ಕೇ ಚಿಪ್ಪಿನ ನಂಬರ್ ಹಾಕಿ, ಆ ಬೋರ್ಡು ಬಳಸೋರು ಮಾತಾಡೋ ಜಾಗದಲ್ಲಿ ಹುಡುಕಿದೆ."

ಫೆಬ್ರವರಿಯಲ್ಲಿ ಯಾರೋ ಹೆಸರಿಲ್ಲದೆ ಬರೆದಿದ್ದರು: 'ಈ ಹಳೆಯ ಚಿಪ್ಪು, ಬರೆದ ತಕ್ಷಣ ಇನ್ನೊಂದು ಬರೆದರೆ ಮೊದಲಿನದನ್ನು ಮರೆಯುತ್ತದೆ. ನಡುವೆ ಚೂರು ಬಿಡುವು ಕೊಡಬೇಕು. ನಮ್ಮ ಬೋರ್ಡಿನ ಪ್ರೋಗ್ರಾಮನ್ನು ಅದಕ್ಕೆ ತಕ್ಕಂತೆ ತಿದ್ದಿದ್ದೇನೆ. ಎಲ್ಲರೂ ಬಳಸಿಕೊಳ್ಳಿ.' ಕೆಳಗೆ ಬೋರ್ಡಿನ ಫೋಟೊ.

ಎಂಜಿನಿಯರನ್ನು ಕೇಳಿದರೆ, "ಆ ಚಿಪ್ಪಾ? ನಮ್ಮ ಪೆಟ್ಟಿಗೆ ಬಿಟ್ಟರೆ ಈಗ ಗುಜರಿಯವರೂ ಮುಟ್ಟಲ್ಲ," ಅಂದ.

ಅಷ್ಟು ಜೋಪಾನವಾಗಿ ಮುಖ ಮುಚ್ಚಿಕೊಂಡವರು, ಉಳಿದವರಿಗೂ ಉಪಯೋಗವಾಗಲಿ ಎಂದು ತಾವೇ ಬಾಗಿಲು ತೆರೆದಿಟ್ಟಿದ್ದರು. ಫೋಟೊದಲ್ಲಿ ಬೋರ್ಡಿನ ಅಡಿಗೆ ಒಂದು ಬಟ್ಟೆ, ಬಟ್ಟೆಯ ಮೇಲೆ ಅಕ್ಕಪಕ್ಕ ಎರಡು ನೀಲಿ ಗೂಬೆಗಳು. ಅದನ್ನು ನೋಡಿದ್ದೇ ನಮ್ಮ ಚಾಲಕ "ಗೂಬೆ!" ಎಂದು ಎಷ್ಟು ಜೋರಾಗಿ ಕೂಗಿದನೆಂದರೆ ಲಾಕಪ್ಪಿನಲ್ಲಿದ್ದವರೆಲ್ಲ ತಪ್ಪೊಪ್ಪಿಕೊಂಡರು. ಸೂಜಿ ತನ್ನ ಕನ್ನಡಕದ ಡಬ್ಬಿಯಿಂದ ಒರೆಸುವ ಬಟ್ಟೆ ತೆಗೆದಳು. ಅದರಲ್ಲೂ ಅದೇ ಗೂಬೆ. ಆದರೆ ಒಂದೇ.

ಜೀಪು ಗಾಳಿಯಲ್ಲಿ ಹಾರಿ ಅವಳಿಗೆ ಆ ಬಟ್ಟೆ ಕೊಟ್ಟ ಕನ್ನಡಕದ ಅಂಗಡಿ ತಲುಪಿತು.

"ಗಿರಾಕಿಗಳಿಗೆ ಕತ್ತರಿಸಿದ ತುಂಡು ಕೊಡ್ತೀವಿ, ತುಂಡಿಗೊಂದು ಗೂಬೆ," ಅಂದ ಅಂಗಡಿಯವ.

"ಎರಡಿದ್ರೆ?"

"ಕತ್ತರಿಸದ ಬಟ್ಟೆ ಹೊರಗೆ ಹೋಗಲ್ಲ ಸಾರ್. ನಮ್ಮಲ್ಲಿ ಲೆನ್ಸ್ ಉಜ್ಜೋ ಹೆಂಗಸು ಮಾತ್ರ ಮೇಜಿಗೆ ಹಾಸೋಕೆ ಅಂತ ಒಂದು ತುಂಡು ಕೇಳಿದ್ಲು. ಯಾಕೆ ಸಾರ್, ಬಟ್ಟೆಗೂ ಪೊಲೀಸಾ?"

ಅವಳಿಗೆ ಅಂದು ರಜೆ. ಮನೆ ಸರ್ಕಲ್‌ನ ಎದುರಿಗೇ, ಎರಡನೇ ಮಹಡಿ. ಬಾಗಿಲು ತೆರೆದದ್ದು ಅವಳ ತಾಯಿ. ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ವಿಸಿಲ್. ಶಾಲೆಯಲ್ಲಿ ಮಕ್ಕಳಿಗೆ ಓಟ ಕಲಿಸಿ ನಿವೃತ್ತರಾದ ಟೀಚರ್.

"ಒಬ್ಬೊಬ್ಬರಾಗಿ ಬನ್ನಿ, ನುಗ್ಗಬೇಡಿ," ಎಂದು ಚಾಲಕನ ಕಡೆ ತಿರುಗಿದರು. "ಏನಯ್ಯಾ, ಈ ಹೊಟ್ಟೆ ಸರ್ಕಾರದ್ದೋ ನಿಂದೋ? ಒಳಗೆ ಎಳ್ಕೋ."

ಬಾಗಿಲಿನಿಂದ ಕುರ್ಚಿಗೆ ಹೋಗುವಾಗ ಅವರ ಪಾದಗಳು ನೆಲಕ್ಕೆ ಅಂಟಿಕೊಂಡಂತೆ ನಿಂತು, ನಡುಗಿ, ಮತ್ತೆ ಹೊರಟವು. ಕೈ ಕೊಡಲು ಹೋದ ಸೂಜಿಯನ್ನು ಒಂದೇ ನೋಟದಲ್ಲಿ ತಡೆದರು.

ಕಿಟಕಿಯ ಬಳಿಯ ಮೇಜಿನ ಮೇಲೆ ಎರಡು ಗೂಬೆಗಳ ಬಟ್ಟೆ, ಬೋರ್ಡು, ಬಣ್ಣಬಣ್ಣದ ವೈರುಗಳು. ಒಂದು ವೈರಿನ ತುದಿಗೆ ಮಾತ್ರ ಕ್ಲಿಪ್ಪಿರಲಿಲ್ಲ. ಪಕ್ಕದಲ್ಲಿ ಬಿಚ್ಚಿಟ್ಟ ಸ್ಟಾಪ್‌ವಾಚ್.

"ನಂದು ಅದು," ಅಂದರು ಟೀಚರ್. "ರಿಪೇರಿಗೆ ಅಂತ ಮಗಳು ಇಸ್ಕೊಂಡು ವರ್ಷವಾಯ್ತು. ಪ್ರಪಂಚದ ಯಂತ್ರವೆಲ್ಲ ಬಿಚ್ಚಿ ಜೋಡಿಸ್ತಾಳೆ, ಅಮ್ಮನ ಗಡಿಯಾರಕ್ಕೆ ಮಾತ್ರ ಪುರುಸೊತ್ತಿಲ್ಲ. ಇರಲಿ. ನಂಗೆ ಆ ಸಿಗ್ನಲ್ಲೇ ಗಡಿಯಾರ. ದಿನಾ ಮೈದಾನಕ್ಕೆ ಹೋಗ್ತೀನಿ, ಮಕ್ಕಳು ಓಡೋದನ್ನ ನೋಡಿ ನಾಲ್ಕು ಬೈದು ಬರ್ತೀನಿ. ಇವತ್ತಿಗೂ ಹಸಿರು ಇರೋವಾಗಲೇ ದಾಟ್ತೀನಿ, ಗೊತ್ತಾ? ಆಗದ ದಿನ ಮನೇಲೇ ಕೂತುಬಿಡ್ತೀನಿ. ಯಾರ ಕೈಯನ್ನೂ ಹಿಡಿಯೋಳಲ್ಲ."

ಸಾಹೇಬರು ಸ್ಟಾಪ್‌ವಾಚನ್ನು ನೋಡಿದರು, ಕಿಟಕಿಯಾಚೆ ಸಿಗ್ನಲ್ ನೋಡಿದರು. ನಾವು ಕಂಡಂತೆ ಮೊದಲ ಬಾರಿಗೆ ಅಲ್ಲಾಡದೆ ನಿಂತರು.

ಮಗಳು ಅಡುಗೆಮನೆಯಿಂದ ಬಂದವಳು ಸಾಹೇಬರ ಅಂಗೈಯಲ್ಲಿದ್ದ ಕ್ಲಿಪ್ಪು ಕಂಡು ಬಾಲ್ಕನಿಗೆ ನಡೆದಳು. ಅಲ್ಲಿ, ತಗ್ಗಿದ ದನಿಯಲ್ಲಿ ವಿಚಾರಣೆ.

"ನಿಂದೇನಾ?"

"ನಂದೇ."

"ಯಾಕೆ?"

"ಹೋದ ವರ್ಷ ಅಮ್ಮ ನಡುರಸ್ತೆಯಲ್ಲಿದ್ದಾಗ ಕೆಂಪು ಬಂತು ಸಾರ್. ಹಾರ್ನ್ ಹೊಡೆದು ನಕ್ಕರು. ಆಮೇಲೆ ತಿಂಗಳುಗಟ್ಟಲೆ ಅಮ್ಮ ಶೂ ಹಾಕಲಿಲ್ಲ. ಗೋಡೆ ನೋಡ್ಕೊಂಡು ಕೂತಿರೋರು. ಊಟ ಕೂಡ ಬಿಟ್ಟರು. ಟೈಮ್ ಜಾಸ್ತಿ ಮಾಡಿ ಅಂತ ಸಿಗ್ನಲ್‌ನವರನ್ನ ಕೇಳಿದೆ, ಹದಿನೆಂಟು ಸಾಕು ಅಂದ್ರು. ಕಿತ್ತಳೆ ಜಾಕೆಟ್ಟು ಹಾಕ್ಕೊಂಡು ನಾನೇ ಪೆಟ್ಟಿಗೆ ತೆಗೆದೆ, ಅಮ್ಮ ಮತ್ತೆ ಶೂ ಹಾಕಿದ್ರು. ಅಮ್ಮ ನಿಧಾನ ಆದಹಾಗೆ ನಾನೂ ಚೂರು ಚೂರೇ ಹೆಚ್ಚಿಸ್ತಾ ಬಂದೆ."

"ಆ ಸಾಲಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡಿದ್ರೆ?"

ಅವಳ ಬೆರಳುಗಳು ಬಾಲ್ಕನಿಯ ಕಂಬಿಯನ್ನು ಉಜ್ಜುತ್ತಲೇ ಇದ್ದವು. ಕೊನೆಗೆ, "ಅಮ್ಮನಿಗೆ ಮಾತ್ರ ಹೇಳಬೇಡಿ ಸಾರ್," ಅಂದಳು.

ಸಂಜೆ ಐದಕ್ಕೆ ದಸ್ತಗಿರಿ ಆಯಿತು. ಬೋರ್ಡು, ವೈರು, ಬಟ್ಟೆ ಜಪ್ತಿಯಾದವು. ಸ್ಟಾಪ್‌ವಾಚನ್ನು ಸಾಹೇಬರು ಮೇಜಿನ ಮೇಲೇ ಬಿಟ್ಟರು. "ಟೀಚರ್, ನಿಮ್ಮ ಮಗಳಿಗೆ ಯಂತ್ರದ ವಿಷಯ ಚೆನ್ನಾಗಿ ಗೊತ್ತು. ಒಂದು ಕೇಸಿಗೆ ಬೇಕಾಗಿದ್ದಾರೆ," ಅಂದರು. ಸುಳ್ಳೇನಲ್ಲ. ಮರುದಿನ ಜಾಮೀನು ಸಿಕ್ಕಿತು. ಕೇಸು ನ್ಯಾಯಾಲಯದಲ್ಲಿದೆ. ಸಿಗ್ನಲ್ ಪೆಟ್ಟಿಗೆಗೆ ಹೊಸ ಬೀಗ ಬಿತ್ತು, ಹಸಿರು ಮತ್ತೆ ಹದಿನೆಂಟಕ್ಕೆ ಇಳಿಯಿತು.

ಅಂದಿನಿಂದ ನಮ್ಮ ಚಾಲಕನಿಗೆ ಆ ಸರ್ಕಲ್‌ನಲ್ಲಿ ಅತಿ ರಹಸ್ಯ ಕಾರ್ಯಾಚರಣೆ. ದೇಶ ದೇಶಗಳ ಗೂಢಚಾರರು ಆ ದಾರಿಯಲ್ಲೇ ಓಡಾಡುತ್ತಾರೆಂದು ಖಚಿತ ಮಾಹಿತಿಯಿತ್ತು. ಅವನು ದಿನಾ ಸಂಜೆ ನಾಲ್ಕಕ್ಕೆ ನಡುರಸ್ತೆಯಲ್ಲಿ ನಿಂತು, ಕೆಂಪು ಹಸಿರು ಒಂದನ್ನೂ ಲೆಕ್ಕಿಸದೆ ಗಾಡಿಗಳನ್ನು ತಡೆದು ಪರವಾನಗಿ ಕೇಳುತ್ತಿದ್ದ. ಹಾರ್ನುಗಳು ಅವನನ್ನು ಹರಿದು ತಿನ್ನುತ್ತಿದ್ದವು. ಆ ಹೊತ್ತಿಗೇ ಟೀಚರ್ ರಸ್ತೆ ದಾಟುತ್ತಿದ್ದದ್ದು ಕಾಕತಾಳೀಯ.

ಒಂಬತ್ತನೆಯ ದಿನ ಟೀಚರ್ ನಡುರಸ್ತೆಯಲ್ಲೇ ನಿಂತರು.

"ಇಲ್ಲೇನು ಮಾಡ್ತಿದ್ದೀಯ?"

"ರಹಸ್ಯ ಕಾರ್ಯಾಚರಣೆ ಟೀಚರ್. ಗೂಢಚಾರರು..."

"ಮಕ್ಕಳ ಸುಳ್ಳನ್ನ ಬೆನ್ನು ನೋಡೇ ಹಿಡಿದೋಳು ನಾನು. ನಂಗೇ ರೀಲು ಬಿಡ್ತೀಯಾ? ನೆಟ್ಟಗೆ ನಿಂತು ನಿಜ ಹೇಳು."

ಬಣ್ಣ ಬಯಲಾದದ್ದು ಇಲ್ಲಿಯೇ. ಆ ಚಾಲಕ ನಾನು. ಜೀಪು ಆ ವಾರವೆಲ್ಲ ಗ್ಯಾರೇಜಿನಲ್ಲಿತ್ತು, ಅಂಗಡಿಗೂ ಮನೆಗೂ ನಾವು ಹೋದದ್ದು ಬಸ್ಸಿನಲ್ಲಿ. ಕ್ಲಿಪ್ಪು ಕಂಡದ್ದು ಸೂಜಿಗೆ, ಗೂಬೆ ಕಂಡದ್ದೂ ಸೂಜಿಗೆ. ಸರ್ಕಲ್‌ಗೆ ನನ್ನನ್ನು ಯಾರೂ ನೇಮಿಸಿರಲಿಲ್ಲ.

"ನೀವು ದಾಟೋ ತನಕ ಗಾಡಿ ತಡೀತಿದ್ದೀನಿ," ಅಂದೆ.

ಹಿಂದೆ ಬಸ್ಸಿನವನು ಹಾರ್ನಿನ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಟೀಚರ್ ತಮ್ಮ ಶೂ ನೋಡಿಕೊಂಡರು. ಆಮೇಲೆ ಎರಡನೇ ಮಹಡಿಯ ಕಿಟಕಿಯನ್ನು ನೋಡಿದರು.

"ಇದಕ್ಕೇನಾ ಅವಳು ಕೋರ್ಟಿಗೆ ಅಲೀತಿರೋದು?"

ನಾನು ತಲೆ ತಗ್ಗಿಸಿದೆ.

"ದಾಟೋಕೆ ಎಷ್ಟು ಹಿಡಿಯುತ್ತೆ ನಂಗೆ?"

ಇಪ್ಪತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಂಬುತ್ತಿದ್ದರೋ ಏನೋ.

"ನಲವತ್ತೊಂದು, ಟೀಚರ್."

ಅವರು ಸೊಂಟದ ಮೇಲೆ ಕೈ ಇಟ್ಟು ಉಳಿದ ಅರ್ಧ ರಸ್ತೆಯನ್ನು ಕಣ್ಣಿನಲ್ಲೇ ಅಳೆದರು. ವಿಸಿಲನ್ನು ಕೊರಳಿಂದ ತೆಗೆದು ನನ್ನ ಕೈಗಿಟ್ಟರು.

"ಅವಳಿಗೆ ಹೇಳು, ಸ್ಟಾಪ್‌ವಾಚ್ ಜೋಡಿಸಿ ಕೊಡಲಿ. ನಾಳೆ ನಲವತ್ತು. ಏನು ಬಾಯಿ ಬಿಡ್ತಿದ್ದೀಯ? ಹೊಟ್ಟೆ ಎಳ್ಕೋ, ಊದು!"