ಹಣೆ ಬಣ್ಣ ಬದಲಿಸಿದ ಹೋರಿ

ದೀಪಾವಳಿಯ ಮರುವಾರ, ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಹಾನಗಲ್ ಠಾಣೆಯ ಪಿಎಸ್‌ಐ ಸುಧಾರಾಣಿ ಚಹಾದ ಕಪ್ಪು ಬಾಯಿಗಿಡುವಷ್ಟರಲ್ಲಿ, ಕಾಲೇಜಿನ ಸಂಶೋಧಕಿ ಶ್ವೇತಾ ಐಸ್ ಡಬ್ಬಿ ಹಿಡಿದು ಒಳಗೆ ಬಂದಳು. ಡಬ್ಬಿಯಲ್ಲಿ ಕುರಿಯ ಕಿಡ್ನಿ. ಪೇದೆ ಮಾರೆಪ್ಪ ಹೌಹಾರಿ ಎದ್ದು ನಿಂತ.

"ನನ್ನ ಪ್ರಯೋಗ ಯಾರೋ ಕೆಡಿಸ್ಯಾರ್ರಿ, ಮೇಡಂ."

"ಏನು ಪ್ರಯೋಗ?"

"ಕಿಡ್ನಿ ತುಣುಕು ಅಮೈನೋ ಆಮ್ಲ ಒಳಗ ಎಳಕೋತಾವ್ರಿ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ್ರ ಎಳಕೊಳ್ಳೂದು ಕಡಿಮಿ ಆಗತೈತಿ. ಈಗ ಹಾಕಿದ್ರೂ ಏನೂ ಆಗವಲ್ದು. ನಾಡಿದ್ದು ಪರೀಕ್ಷಕರ ಮುಂದ ತೋರಿಸಬೇಕು. ಆಗಲಿಲ್ಲಂದ್ರ, ಇಷ್ಟು ವರ್ಷ ಸುಳ್ಳು ಬರದಾಳ ಅಂತಾರ್ರಿ."

ಸುಧಾರಾಣಿಗೆ ವಿಜ್ಞಾನ ಅರ್ಧ ತಿಳಿಯಿತು, ಹುಡುಗಿಯ ಕಣ್ಣೀರು ಪೂರ್ತಿ ತಿಳಿಯಿತು. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ. ಶ್ವೇತಾ ಪೆರಾಕ್ಸೈಡ್ ಸೀಸೆಯಿಂದ ಒಂದು ಹನಿಯನ್ನು ಹಸಿ ಕಿಡ್ನಿಯ ಮೇಲೆ ಬಿಟ್ಟಳು.

"ಖರೇ ಔಷಧ ಆಗಿದ್ರ ಬುಸುಬುಸು ನೊರಿ ಬರ್ತಿತ್ರಿ."

ನೊರೆ ಬರಲಿಲ್ಲ. ಸೀಸೆಯಲ್ಲಿದ್ದದ್ದು ಬರೀ ನೀರು.

"ಆ ಔಷಧ ಬ್ಯಾರೆ ಯಾತಕ್ಕ ಬರತೈತಿ?" ಸುಧಾರಾಣಿ ಕೇಳಿದಳು.

"ಕೂದಲದ ಬಣ್ಣ ತಗಿತೈತ್ರಿ."

ಇನ್ನೊಂದು ಕೀಲಿ ಇದ್ದದ್ದು ಅಟೆಂಡರ್ ಹೊಳಬಸಪ್ಪನ ಹತ್ತಿರ. ಅವನ ಮನೆಯ ಮುಂದೆ ಕಪ್ಪು ಹೋರಿ ಕಟ್ಟಿತ್ತು. ಅದರ ಹಣೆ ಮಾತ್ರ ಬಂಗಾರದ ಬಣ್ಣ. ಮಾರೆಪ್ಪ ಟೋಪಿ ಅಡ್ಡ ಹಿಡಿದು ನಕ್ಕ.

"ಹಣಿಗೆ ಏನಾತು?" ಸುಧಾರಾಣಿ ಕೇಳಿದಳು.

"ಹುಟ್ಟಾ ಹಂಗ ಐತ್ರಿ."

"ಪಾಡ್ಯದ ದಿನ ಹೋರಿ ಓಟಕ್ಕ ನಾನ ಬಂದೋಬಸ್ತಿಗಿದ್ದೆ. ಆಗ ಹಣಿ ಕರ್ರಗಿತ್ತು."

ಹೊಳಬಸಪ್ಪ ಮೇವಿನಡಿಯಿಂದ ಸೀಸೆ ತೆಗೆದುಕೊಟ್ಟ. "ಬೆಳ್ಳಗ ಆಗಲೆಂದು ಹಚ್ಚಿದ್ನಿರಿ, ಕೆಂಚಗಾತು. ಶ್ವೇತಾ ಅಕ್ಕಾರು ಈ ಔಷಧ ಕಿಡ್ನಿ ಕೆಡಸತೈತಿ ಅಂತಿದ್ರು. ಅದರ ಬದ್ಲಿ ನೀರು ಹಾಕಿಟ್ರ ಒಳ್ಳೇದ ಆತಲ್ಲ ಅನ್ಕೊಂಡೆ."

ನಾಲ್ಕೂವರೆಗೆ ಬಂಧನವಾಯಿತು. ಜೀಪು ಹತ್ತುವಾಗ ಅವನು ಮೆಲ್ಲಗೆ ಹೇಳಿದ: "ನಮ್ಮಾಕಿ ಶಿವಬಸವ್ವಗ ಕಣ್ಣು ಮಂಜಾಗ್ಯಾವರಿ. ಪಾಡ್ಯದಾಗ ನಮ್ದಂತ ತಿಳದು ಮಂದಿ ಹೋರಿಗೆ ಕೇಕಿ ಹಾಕಿದ್ಲು. ಎಲ್ಲಾರೂ ನಕ್ರು. ನಮ್ದ್ಯಾವುದಂತ ಆಕಿಗೆ ಕಾಣಬೇಕಿತ್ತು."

ಆ ಮಾತು ಕೇಳಿ ಮರುದಿನ ಕೋರ್ಟಿನಲ್ಲಿ ಅವನ ಜಾಮೀನಿಗೆ ನಿಂತವಳು ಶ್ವೇತಾಳೇ. ಬುಧವಾರ ಹೊಸ ಸೀಸೆಯ ಹನಿ ಬಿದ್ದೊಡನೆ ನೊರೆ ಉಕ್ಕಿತು, ಪ್ರಯೋಗವೂ ಮೊದಲಿನಂತೆಯೇ ಬಂತು. ನೀರು ಹಾಕಿದ ದಿನಗಳ ಫಲಿತಾಂಶ ನೋಡಿದ ಪರೀಕ್ಷಕರು, ಔಷಧದ್ದೇ ಕೆಲಸ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಎಂದರು. ಸುದ್ದಿ ಕೇಳಿ ಸುಧಾರಾಣಿಗೆ ತನ್ನ ತಂಗಿಯೇ ಪಾಸಾದಷ್ಟು ಸಂತೋಷವಾಯಿತು.

ರವಿವಾರ ಮತ್ತೆ ಹೋರಿ ಓಟ, ಮತ್ತೆ ಬಂದೋಬಸ್ತು. ಧೂಳಿನಲ್ಲಿ ಹೋರಿಗಳು ಒಂದರ ಹಿಂದೊಂದು ನುಗ್ಗುತ್ತಿದ್ದವು. ಶಿವಬಸವ್ವ ಸುಮ್ಮನೆ ನಿಂತಿದ್ದಳು. ಬಂಗಾರದ ಹಣೆ ಹಾದದ್ದೇ ತಡ, ಸೆರಗು ಬೀಸಿ ಕೂಗಿದಳು:

"ಬಂತ್ ನೋಡ್ರಿ ನಮ್ದು!"

ಈ ಸಲ ಯಾರೂ ನಗಲಿಲ್ಲ. ಸುಧಾರಾಣಿಯೂ ಲಾಠಿ ಕಂಕುಳಲ್ಲಿಟ್ಟು ಒಂದು ಕೇಕೆ ಹಾಕಿಬಿಟ್ಟಳು.